ಮಡಿಸುವ ಚಾಕುವೂ ಅನರ್ಥದಂಡವಿರತಿಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯು ಒಂದು. ಪ್ರಯೋಜನವಿಲ್ಲದೆ ಮನೋವಾಕ್ಕಾಯಗಳನ್ನು ಪಾಪದಲ್ಲಿ ತೊಡಗಿಸುವುದು ಅನರ್ಥದಂಡ. ಅದರಿಂದ ಹಿಂದೆ ಸರಿಯುವುದು ವಿರತಿ. ಅಷ್ಟಮೀ ಚತುರ್ದಶಿಗಳ ಉಪವಾಸವನ್ನೂ ಏಕಾಶನವನ್ನೂ ತಪ್ಪದೆ ನಡೆಸಿಕೊಂಡು ಬರುವ ಮನೆಗಳಲ್ಲಿಯೂ ಈ ವ್ರತದ ವಿಚಾರವು ಹಿಂದೆ ಬೀಳುವುದುಂಟು. ಉಪವಾಸಕ್ಕೆ ಪಂಚಾಂಗದಲ್ಲಿ ತಿಥಿಯಿದೆ. ಅನರ್ಥದಂಡವಿರತಿಗೆ ಗೊತ್ತಾದ ತಿಥಿಯಿಲ್ಲ. ಅಂಗಡಿಯಲ್ಲಿ ಒಂದು ವಸ್ತುವನ್ನು ಕೈಗೆತ್ತಿಕೊಂಡು ‘ಕೊಳ್ಳಲೋ ಬೇಡವೋ’ ಎಂದು ಯೋಚಿಸುವ ಕ್ಷಣವೇ ಅದರ ತಿಥಿ. ಆದುದರಿಂದ ಒಂದು ಚಿಕ್ಕ ವಸ್ತುವನ್ನೇ ಮುಂದಿಟ್ಟುಕೊಂಡು ಈ ವ್ರತವನ್ನು ವಿಚಾರಿಸುವುದು ಯುಕ್ತ.

ಉದಾಹರಣೆಗಾಗಿ ಬೀದರ ತಾಲ್ಲೂಕಿನ ಬಗದಲ್ ಗ್ರಾಮದ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳೋಣ. ಆತನ ವೃದ್ಧ ತಾಯಿ ಐದನೆಯದಾದ ಸಚಿತ್ತತ್ಯಾಗ ಪ್ರತಿಮೆಯನ್ನು ಧರಿಸಿದವಳು. ಸಮೀಪದ ಕಮಠಾಣದ ಪಾರ್ಶ್ವನಾಥ ಬಸದಿಗೆ ಹೋಗಿಬರುವುದು ಅವಳಿಗೆ ಕಷ್ಟವಲ್ಲ. ಆದರೆ ಕುಲಭೂಷಣ ದೇಶಭೂಷಣ ಮುನಿಗಳ ನಿರ್ವಾಣಭೂಮಿಯೂ, ೧೯೫೫ರಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರು ಸಲ್ಲೇಖನಾಪೂರ್ವಕ ಸಮಾಧಿಯನ್ನು ಪಡೆದ ಕ್ಷೇತ್ರವೂ ಆದ ಕುಂಥಲಗಿರಿಗೆ ಹೋದಾಗ, ದಾರಿಯಲ್ಲಿ ಹಣ್ಣು ದೊರೆತರೂ ಹೆಚ್ಚಲು ಶುದ್ಧವಾದ ಚಾಕು ಇರಲಿಲ್ಲ. ಯಾವ ಅಡುಗೆಮನೆಯಲ್ಲಿ ಏನನ್ನು ಕೊಯ್ದಿತ್ತೋ ತಿಳಿಯದ ಚಾಕುವಿನಿಂದ ಹೆಚ್ಚಿದ ಹಣ್ಣನ್ನು ಅವಳು ಒಪ್ಪಲಿಲ್ಲ. ಇಡೀ ದಿನ ನಿರಾಹಾರವಾಗಿ ಕಳೆಯಿತು. ಈ ವರ್ಷ ಪುನಃ ಯಾತ್ರೆಯ ಸಿದ್ಧತೆ ನಡೆದಿದೆ. ಹೈದರಾಬಾದಿನಲ್ಲಿರುವ ಮಗನು ಕೆಂಪು ಹಿಡಿಯ ಸ್ವಿಟ್ಜರ್ಲೆಂಡಿನ ಮಡಿಸುವ ಚಾಕುವೊಂದನ್ನು ಕೊಳ್ಳೋಣವೆನ್ನುತ್ತಾನೆ. ಗೃಹಸ್ಥನಾದರೋ ಪರಿಗ್ರಹಪರಿಮಾಣದಲ್ಲಿ ಮನೆಯ ಲೋಹದ ಉಪಕರಣಗಳಿಗೆ ಸಂಖ್ಯೆಯನ್ನು ಗೊತ್ತುಮಾಡಿಕೊಂಡವನು. ಈ ಚಾಕುವನ್ನು ಕೊಳ್ಳಬಹುದೇ?

ಪ್ರಶ್ನೆ ಚಿಕ್ಕದಲ್ಲ. ಚಾಕುವಿಲ್ಲದ ಕಾರಣದಿಂದ ಒದಗಿದ ನಿರಾಹಾರವು ಉಪವಾಸವಲ್ಲ. ಸಂಕಲ್ಪಪೂರ್ವಕವಾಗಿ ಆಹಾರವನ್ನೂ ವಿಷಯಗಳನ್ನೂ ಬಿಟ್ಟು ಧರ್ಮಧ್ಯಾನದಲ್ಲಿರುವುದು ಉಪವಾಸ. ವಿವಶತೆಯಿಂದ ಹಸಿವನ್ನು ಸಹಿಸಿದರೆ ಹೆಚ್ಚೆಂದರೆ ಅದು ಅಕಾಮನಿರ್ಜರೆಯೆನಿಸೀತು. ಮನೆಯವರ ಅಜಾಗರೂಕತೆಯಿಂದ ವ್ರತಿಯೊಬ್ಬಳು ಹಸಿದಿರುವಂತಾಗುವುದು ವೈಯಾವೃತ್ತ್ಯದ ಲೋಪವೇ ಸರಿ. ಇತ್ತ ಕಡೆ, ಆ ಲೋಪವನ್ನು ತುಂಬುವ ನೆಪದಲ್ಲಿ ಬೇಡದ ಶಸ್ತ್ರವೊಂದು ಮನೆಯನ್ನು ಹೊಕ್ಕರೆ ಮತ್ತೊಂದು ವ್ರತಕ್ಕೆ ಕುಂದು. ಎರಡನ್ನೂ ತೂಗಿ ನೋಡಬೇಕು.

೧. ವಸ್ತುವಿನ ಪರಿಚಯ

ಕೊಳ್ಳುವ ಮೊದಲು ವಸ್ತುವನ್ನು ಅರಿಯಬೇಕು. ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಊರಿನಲ್ಲಿ ೧೮೮೪ರಲ್ಲಿ ಕಾರ್ಲ್ ಎಲ್ಸನರ್ ಎಂಬಾತನು ಚಾಕು ತಯಾರಿಸುವ ಕಾರ್ಯಾಗಾರವನ್ನು ತೆರೆದನು. ೧೮೯೧ರಿಂದ ಆ ದೇಶದ ಸೈನಿಕರಿಗೆ ಅಲ್ಲಿಂದ ಚಾಕುಗಳು ಹೋಗತೊಡಗಿದವು. ೧೮೯೭ರಲ್ಲಿ ಅಧಿಕಾರಿಗಳ ಚಾಕುವೆಂಬ ಹೆಸರಿನ, ಹಲವು ಸಾಧನಗಳನ್ನು ಒಂದೇ ಹಿಡಿಯಲ್ಲಿ ಮಡಿಸಿಟ್ಟ ಮಾದರಿ ಬಂದಿತು. ತಾಯಿಯ ಹೆಸರಾದ ವಿಕ್ಟೋರಿಯಾ ಎಂಬುದಕ್ಕೆ ತುಕ್ಕು ಹಿಡಿಯದ ಉಕ್ಕಿನ ಹೆಸರನ್ನು ಕೂಡಿಸಿ ವಿಕ್ಟೋರಿನಾಕ್ಸ್ ಎಂಬ ಹೆಸರನ್ನು ೧೯೨೧ರಲ್ಲಿ ಇಡಲಾಯಿತು. ಇಂದು ಅದರ ‘ಸ್ಪಾರ್ಟನ್’ ಎಂಬ ಮಾದರಿ ಪ್ರಸಿದ್ಧವಾಗಿದೆ. ಮಡಿಸಿದಾಗ ಉದ್ದ ೯೧ ಮಿಲಿಮೀಟರ್, ತೂಕ ಸುಮಾರು ೬೦ ಗ್ರಾಂ. ಹಿಡಿಯು ಸೆಲ್ಯುಲೋಸಿನಿಂದ ತಯಾರಾದ ಪ್ಲಾಸ್ಟಿಕ್. ಅದರಲ್ಲಿ ದೊಡ್ಡದೊಂದು ಅಲಗು, ಚಿಕ್ಕದೊಂದು ಅಲಗು, ಡಬ್ಬಿ ತೆರೆಯುವ ಸಾಧನ, ಬಾಟಲಿ ತೆರೆಯುವ ಸಾಧನ, ತಿರುಪುಳಿ, ತೂತು ಕೊರೆಯುವ ಮೊನೆ, ಬಿರಡೆ ಕೀಳುವ ಸುರುಳಿ, ಹಲ್ಲುಕಡ್ಡಿ, ಚಿಮುಟ ಇವು ಸೇರಿವೆ.

ಮತ್ತೊಂದು ಬಗೆ ಫ್ರಾನ್ಸ್ ದೇಶದ ಸವಾಯ್ ಪ್ರಾಂತದ್ದು. ಅಲ್ಲಿ ೧೮೯೦ರ ಸುಮಾರಿನಲ್ಲಿ ಜೋಸೆಫ್ ಒಪಿನೆಲ್ ಎಂಬಾತನು ರೈತರ ಉಪಯೋಗಕ್ಕೆಂದು ಮರದ ಹಿಡಿಯ, ಒಂದೇ ಅಲಗಿನ ಮಡಿಸುವ ಚಾಕುವನ್ನು ರೂಪಿಸಿದನು. ಅದರ ಎಂಟನೆಯ ಅಳತೆಯ ಚಾಕುವಿಗೆ ಎಂಟೂವರೆ ಸೆಂಟಿಮೀಟರ್ ಉದ್ದದ ಅಲಗಿದೆ. ತೆರೆದ ಅಲಗು ತಾನಾಗಿ ಮಡಿಸಿಕೊಳ್ಳದಂತೆ ಹಿಡಿಯುವ ತಿರುಗುವ ಉಂಗುರವನ್ನು ೧೯೫೫ರಲ್ಲಿ ಅಳವಡಿಸಿದರು. ಸ್ಪಾರ್ಟನ್ ಮಾದರಿಯಲ್ಲಿ ಇಂತಹ ಬೀಗವಿಲ್ಲ. ಒಳಗಿನ ಬಿಲ್ಲಿನ ಬಿಗಿತವೊಂದೇ ಅಲಗನ್ನು ತಡೆದಿರುತ್ತದೆ. ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದರೆ ಅದು ಬೆರಳ ಮೇಲೆ ಮಡಿಸಿಕೊಳ್ಳಬಹುದು.

ಅಲಗಿನ ಉಕ್ಕು ಎರಡು ವಿಧ. ಕನಿಷ್ಠ ಶೇಕಡ ಹತ್ತೂವರೆಯಷ್ಟು ಕ್ರೋಮಿಯಂ ಬೆರೆತದ್ದು ಸ್ಟೇನ್‌ಲೆಸ್ ಉಕ್ಕು. ಅದು ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಕ್ರೋಮಿಯಂ ಇಲ್ಲದ ಇಂಗಾಲದ ಉಕ್ಕು ಚೆನ್ನಾಗಿ ಹರಿತವಾಗುವುದಾದರೂ ಮಾವು, ಬಾಳೆ, ನಿಂಬೆಗಳ ರಸದಿಂದ ಕಪ್ಪಾಗುತ್ತದೆ. ಒದ್ದೆಯಾಗಿ ಬಿಟ್ಟರೆ ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ತುಕ್ಕೇರುತ್ತದೆ.

೨. ಆಗಮದ ದೃಷ್ಟಿ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ಹಿಂಸಾದಾನವೆಂದರೆ ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ಸಂಕೋಲೆ ಮೊದಲಾದ ವಧೆಗೆ ಕಾರಣವಾಗುವ ವಸ್ತುಗಳನ್ನು ಇತರರಿಗೆ ಕೊಡುವುದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದೇ ಸಂದರ್ಭಕ್ಕೆ ‘ಅಸಿಧೇನು’ ಎಂಬ ಪದವನ್ನೇ ಬಳಸಿದ್ದಾರೆ. ಅಸಿಧೇನುವೆಂದರೆ ಚಿಕ್ಕ ಕತ್ತಿ, ಚೂರಿ. ಚಾಕುವಿನ ಮಾತು ಶಾಸ್ತ್ರದಲ್ಲಿ ಎಲ್ಲಿದೆಯೆಂದು ಕೇಳುವವರಿಗೆ ಇದೇ ಉತ್ತರ.

ಇಲ್ಲಿ ಒಂದು ವಿಷಯವನ್ನು ಗಮನಿಸತಕ್ಕದ್ದು. ಆಚಾರ್ಯರು ನಿಷೇಧಿಸಿರುವುದು ಇಂತಹ ಉಪಕರಣಗಳನ್ನು ಪ್ರಯೋಜನವಿಲ್ಲದೆ ಹಂಚುವುದನ್ನು. ಗೃಹಸ್ಥನ ಮನೆಯಲ್ಲಿ ಅವು ಇರಲೇಬಾರದೆಂದಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ಹೇಳುವುದು ರೂಢಿ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡುತ್ತಾನೆ; ಅಡುಗೆ ಮೊದಲಾದ ಆರಂಭದಲ್ಲಿಯೂ ಜೀವನೋಪಾಯದ ಉದ್ಯೋಗದಲ್ಲಿಯೂ ಆಗುವುದನ್ನು ಯತ್ನಪೂರ್ವಕವಾಗಿ ಕಡಿಮೆ ಮಾಡಿಕೊಳ್ಳುತ್ತಾನೆ. ಬೀದರಿನ ಬಿದರಿ ಕುಶಲಕರ್ಮಿಯ ಕೈಯಲ್ಲಿರುವ ಉಳಿಯು ಹರಿತವಾದುದೇ. ಆದರೆ ಅದು ಅವನ ಅನ್ನದ ಉಪಕರಣ. ಅದೇ ಉಳಿಯನ್ನು ಚಂದವಾಗಿದೆಯೆಂದು ಕೊಂಡು ಜೇಬಿನಲ್ಲಿಟ್ಟುಕೊಂಡು ತಿರುಗುವವನಿಗೆ ಅದು ಅನರ್ಥ. ಹರಿತವು ವಸ್ತುವಿನಲ್ಲಿದೆ, ಅರ್ಥ ಅನರ್ಥಗಳು ಪ್ರಯೋಜನದಲ್ಲಿವೆ.

೩. ಚಾಕುವಿನ ಪ್ರಯೋಜನ

ಶ್ರಾವಕನಿಗೆ ಚಾಕುವಿನಿಂದ ಧರ್ಮಾನುಕೂಲವಾದ ಪ್ರಯೋಜನವುಂಟೇ? ಉಂಟು, ಅದು ಎರಡು ವಿಧ.

ಮೊದಲನೆಯದು ಪ್ರಾಸುಕತೆ. ಒಣಗಿದುದು, ಬೆಂದುದು, ಕಾಯಿಸಿದುದು, ಹುಳಿ ಉಪ್ಪುಗಳೊಡನೆ ಬೆರೆತುದು, ಯಂತ್ರದಿಂದ ಛೇದಿಸಲ್ಪಟ್ಟುದು ಇವು ಪ್ರಾಸುಕವೆಂದು ಪರಂಪರೆಯಲ್ಲಿ ಹೇಳುತ್ತ ಬಂದಿದ್ದಾರೆ. ಸಚಿತ್ತತ್ಯಾಗಿಯಾದ ವ್ರತಿಗೆ ಹಣ್ಣನ್ನು ಹೆಚ್ಚಿಕೊಡುವುದು ಇದಕ್ಕಾಗಿಯೇ. ಹೆಚ್ಚಿದ ಮೇಲೆ ಬಿಸಿ ಮಾಡಿಯೇ ಕೊಡುವ ರೂಢಿಯಿರುವ ಮನೆಗಳವರು ಆ ರೂಢಿಯನ್ನೇ ಅನುಸರಿಸಲಿ. ಅಲ್ಲಿಯೂ ಹೆಚ್ಚುವ ಕೆಲಸ ತಪ್ಪದು.

ಎರಡನೆಯದು ಜೀವದಯೆ. ಪೇರಲ ಹಣ್ಣಿನೊಳಗೆ ಹಣ್ಣುನೊಣದ ಮರಿಹುಳುಗಳಿರುವುದನ್ನು ಎಲ್ಲರೂ ಕಂಡಿದ್ದಾರೆ. ಬಾರೆ ಹಣ್ಣಿನಲ್ಲಿಯೂ ಬದನೆಯಲ್ಲಿಯೂ ಹೀಗೆಯೇ. ಹೊರಗೆ ಸಿಪ್ಪೆ ನುಣುಪಾಗಿದ್ದರೂ ಒಳಗೆ ತ್ರಸಜೀವವಿರಬಹುದು. ಅತ್ತಿ, ಆಲ ಮೊದಲಾದ ಐದು ಉದುಂಬರ ಫಲಗಳನ್ನು ಶ್ರಾವಕನು ಮೂಲಗುಣದಲ್ಲಿಯೇ ಬಿಟ್ಟಿರುವುದು ಇದೇ ಕಾರಣದಿಂದ. ಉಳಿದ ಹಣ್ಣುಗಳನ್ನು ಕಚ್ಚಿ ತಿನ್ನುವವನು ಹುಳುವನ್ನು ಕಾಣುವುದಕ್ಕೆ ಮೊದಲೇ ಹಲ್ಲಿಗೆ ಕೊಟ್ಟಿರುತ್ತಾನೆ. ತೆಳುವಾಗಿ, ನಿಧಾನವಾಗಿ, ಬೆಳಕಿನಲ್ಲಿ ಹೆಚ್ಚಿ ನೋಡುವವನು ಅದನ್ನು ಉಳಿಸಬಲ್ಲನು. ಹರಿತವಾದ ಅಲಗು ಸೀಳುತ್ತದೆ, ಮೊಂಡಾದ ಅಲಗು ಜಜ್ಜುತ್ತದೆ. ಆದುದರಿಂದ ಅಡುಗೆಯ ಚಾಕು ಹರಿತವಾಗಿರುವುದು ದಯೆಗೆ ವಿರೋಧವಲ್ಲ.

೪. ಮಡಿಸುವಿಕೆಯ ಪರೀಕ್ಷೆ

ಚಾಕುವಿಗೆ ಪ್ರಯೋಜನವಿದೆಯೆಂದಾಯಿತು. ಆದರೆ ಪ್ರಶ್ನೆ ಚಾಕುವಿನದಲ್ಲ, ಮಡಿಸುವ ಚಾಕುವಿನದು. ಮಡಿಸುವುದರಿಂದ ಲಾಭವೆಂದರೆ ಅಲಗು ಹಿಡಿಯೊಳಗೆ ಅಡಗಿ, ಜೇಬಿನಲ್ಲಿಟ್ಟುಕೊಂಡರೂ ಗಾಯವಾಗುವುದಿಲ್ಲ. ನಷ್ಟವೆಂದರೆ ಅಲಗು ಅಡಗುವುದಕ್ಕೊಂದು ಸಂದು ಬೇಕು. ಅಲಗು ತಿರುಗುವುದಕ್ಕೊಂದು ಕೀಲು ಬೇಕು.

ಈ ಸಂದನ್ನು ಶ್ರಾವಕನು ಸೂಕ್ಷ್ಮವಾಗಿ ನೋಡಬೇಕು. ಹಣ್ಣು ಹೆಚ್ಚಿದ ಅಲಗನ್ನು ಹಾಗೆಯೇ ಮಡಿಸಿದರೆ ರಸವು ಸಂದಿನೊಳಗೆ ಇಳಿಯುತ್ತದೆ. ತೇವವಾದ ಆಹಾರಶೇಷವು ನಿಂತಲ್ಲಿ ಸಂಮೂರ್ಛನ ಜೀವಗಳ ಉತ್ಪತ್ತಿಯಿದೆ. ಸಿಹಿಯ ವಾಸನೆಗೆ ಇರುವೆಗಳು ಸಂದನ್ನು ಹೊಗುತ್ತವೆ. ಮಾರನೆಯ ದಿನ ಅಲಗನ್ನು ತೆರೆದು, ಕೆಲಸ ಮುಗಿಸಿ ಪುನಃ ಮಡಿಸುವಾಗ ಒಳಗಿದ್ದ ಇರುವೆಯು ಅಲಗಿಗೂ ಹಿಡಿಗೂ ನಡುವೆ ಸಿಕ್ಕುತ್ತದೆ. ಮಡಿಸಿದವನಿಗೆ ಅದು ತಿಳಿಯುವುದೇ ಇಲ್ಲ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವಕ್ಕೆ ಆಶ್ರಯವಾದ ಅಜೀವಾಧಿಕರಣವನ್ನು ಹೇಳುವಾಗ ಉಮಾಸ್ವಾಮಿಗಳು ನಿಕ್ಷೇಪವನ್ನು ನಾಲ್ಕು ಬಗೆಯೆಂದಿದ್ದಾರೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಅವುಗಳ ಹೆಸರಿವೆ: ನೋಡದೆ ಇಡುವುದು ಅಪ್ರತ್ಯವೇಕ್ಷಿತ, ಸರಿಯಾಗಿ ಒರಸದೆ ಇಡುವುದು ದುಃಪ್ರಮೃಷ್ಟ, ಆತುರದಿಂದ ಇಡುವುದು ಸಹಸಾ, ಗಮನವಿಲ್ಲದೆ ಇಡುವುದು ಅನಾಭೋಗ. ಮಡಿಸುವ ಚಾಕುವಿನಲ್ಲಿ ಈ ನಾಲ್ಕೂ ಒಂದೇ ಕ್ಷಣದಲ್ಲಿ ಸೇರಬಲ್ಲವು. ನೋಡದೆ, ಒರಸದೆ, ಟಪ್ಪೆಂದು, ಬೇರೆ ಮಾತಾಡುತ್ತ ಮಡಿಸುವವರೇ ಹೆಚ್ಚು. ಮುನಿಗಳು ಪಿಂಛಿಯಿಂದ ಪ್ರಮಾರ್ಜಿಸಿ ಕಮಂಡಲುವನ್ನು ಇಡುವ ಆದಾನನಿಕ್ಷೇಪಣ ಸಮಿತಿಯ ಒಂದಂಶವಾದರೂ ಗೃಹಸ್ಥನ ಕೈಯಲ್ಲಿರಬೇಡವೇ?

ಈ ದೃಷ್ಟಿಯಿಂದ ಹೋಲಿಸಿದರೆ, ಸ್ಪಾರ್ಟನ್ ಚಾಕುವಿನಲ್ಲಿ ಸಾಧನಗಳು ಹೆಚ್ಚಿದಂತೆ ಸಂದುಗಳೂ ಹೆಚ್ಚಿವೆ, ಮತ್ತು ಅವು ಕಿರಿದಾಗಿವೆ; ಒಳಭಾಗವನ್ನು ಕಣ್ಣಿನಿಂದ ಪೂರ್ತಿ ನೋಡುವುದು ಕಷ್ಟ. ಒಂದೇ ಅಲಗಿನ ಮರದ ಹಿಡಿಯ ಚಾಕುವಿನಲ್ಲಿ ಒಂದೇ ಸಂದಿದ್ದು, ಬಟ್ಟೆಯ ತುದಿಯನ್ನು ತೂರಿಸಿ ಒರಸಬಹುದು. ಆದರೆ ಮರವು ನೀರು ಕುಡಿದು ಉಬ್ಬಿದರೆ ಅಲಗು ಬಿಗಿಯಾಗಿ ತೆರೆಯಲು ಬಾರದು; ನೆನೆಹಾಕಿ ತೊಳೆಯುವಂತಿಲ್ಲ. ಹಿಡಿಯಿಂದ ಬೇರ್ಪಡದ ನೇರ ಅಲಗಿನ ಅಡುಗೆ ಚಾಕುವಿಗೆ ಸಂದೂ ಇಲ್ಲ, ಕೀಲೂ ಇಲ್ಲ. ಶುದ್ಧಿಯ ಪರೀಕ್ಷೆಯಲ್ಲಿ ಅದಕ್ಕೇ ಮೊದಲ ಸ್ಥಾನ.

೫. ಬೇಡದ ಸಾಧನಗಳ ಪರೀಕ್ಷೆ

ಸ್ಪಾರ್ಟನ್ ಚಾಕುವಿನಲ್ಲಿರುವ ಸುರುಳಿಯನ್ನು ಗಮನಿಸಿರಿ. ಅದು ದ್ರಾಕ್ಷಾಮದ್ಯದ ಬಾಟಲಿಯ ಬಿರಡೆಯನ್ನು ಕೀಳುವುದಕ್ಕಾಗಿ ಇರುವಂಥದು. ಮದ್ಯತ್ಯಾಗವು ಶ್ರಾವಕನ ಮೊದಲ ಮೆಟ್ಟಿಲು. ಬಿಟ್ಟ ವಸ್ತುವಿನ ಸಾಧನವನ್ನು ಹಣಕೊಟ್ಟು ಮನೆಗೆ ತರುವುದೇಕೆ? ಗಂಟು ಬಿಡಿಸಲು ಉಪಯೋಗವಾದೀತೆಂಬ ಸಮಾಧಾನವನ್ನು ಹೇಳುವವರುಂಟು. ಅದು ಕೊಂಡ ಮೇಲೆ ಹುಡುಕಿದ ಪ್ರಯೋಜನ, ಪ್ರಯೋಜನಕ್ಕಾಗಿ ಕೊಂಡುದಲ್ಲ. ಇದೇ ಸಂಸ್ಥೆಯ ‘ಟಿಂಕರ್’ ಎಂಬ ಮಾದರಿಯಲ್ಲಿ ಸುರುಳಿಯ ಬದಲು ನಕ್ಷತ್ರಮುಖದ ತಿರುಪುಳಿಯಿದೆ. ರೇಡಿಯೋ, ಪಂಪುಗಳ ದುರಸ್ತಿಯಿಂದ ಜೀವಿಸುವ ಶ್ರಾವಕನಿಗೆ ಅದು ಉದ್ಯೋಗದ ಉಪಕರಣವಾದೀತು. ಹಣ್ಣು ಹೆಚ್ಚುವವರಿಗೆ ತಿರುಪುಳಿಯಿಂದ ಏನಾಗಬೇಕು?

ಉಪಭೋಗ ಪರಿಭೋಗಗಳನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಕೂಡಿಹಾಕುವುದೂ, ವಿಚಾರಮಾಡದೆ ಅಧಿಕವಾಗಿ ಪ್ರವರ್ತಿಸುವ ಅಸಮೀಕ್ಷ್ಯಾಧಿಕರಣವೂ ಅನರ್ಥದಂಡವಿರತಿಯ ಅತಿಚಾರಗಳೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಲಾಗಿದೆ. ಸಮಂತಭದ್ರರಂತೂ ಪರಿಮಿತಪರಿಗ್ರಹದ ಅತಿಚಾರಗಳಲ್ಲಿ ಅತಿಸಂಗ್ರಹದ ಜೊತೆಗೆ ಅತಿವಿಸ್ಮಯವನ್ನೂ ಹೇಳಿದ್ದಾರೆ. ಎಷ್ಟು ಸಾಧನಗಳು ಎಷ್ಟು ಚಿಕ್ಕ ಹಿಡಿಯಲ್ಲಿ ಅಡಗಿವೆ ಎಂದು ಬೆರಗಾಗಿ ತೆರೆದು ಮಡಿಸಿ ನೋಡುತ್ತ ನಿಲ್ಲುವವನು ಆ ಪದದ ಅರ್ಥವನ್ನು ತಾನೇ ಅನುಭವಿಸುತ್ತಿರುತ್ತಾನೆ. ತಯಾರಿಸಿದವರ ಜಾಣ್ಮೆಯನ್ನು ಮೆಚ್ಚುವುದು ಬೇರೆ, ಮೆಚ್ಚಿದುದೆಲ್ಲ ತನ್ನದಾಗಬೇಕೆಂಬುದು ಬೇರೆ.

ಹಿಡಿಯ ವಿಷಯದಲ್ಲಿಯೂ ಎಚ್ಚರ ಬೇಕು. ಮಡಿಸುವ ಚಾಕುಗಳಲ್ಲಿ ಮೂಳೆಯ, ಕೊಂಬಿನ, ಮುತ್ತಿನ ಚಿಪ್ಪಿನ ಹಿಡಿಗಳುಳ್ಳವು ಇವೆ. ಚಾಕುವಿನೊಡನೆ ಚರ್ಮದ ಚೀಲ ಕೊಡುವ ವಾಡಿಕೆಯೂ ಇದೆ. ಇವು ಯಾವುವೂ ಜೈನರ ಮನೆಗೆ ಸಲ್ಲವು. ಜಿಂಕೆ ಕಡವೆಗಳ ಕೊಂಬಿನ ವ್ಯಾಪಾರವು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆಯೂ ನಿಷಿದ್ಧ. ಮರ ಅಥವಾ ಪ್ಲಾಸ್ಟಿಕ್ಕಿನ ಹಿಡಿಯೆಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

೬. ಬಿಡುವುದರ ವಿಚಾರ

ಕೊಳ್ಳುವಾಗ ಬಿಡುವುದನ್ನೂ ಯೋಚಿಸಬೇಕು. ಗೃಹಸ್ಥನು ಗೊತ್ತುಮಾಡಿಕೊಂಡ ಸಂಖ್ಯೆ ತುಂಬಿದ್ದರೆ ಹೊಸದೊಂದು ಬರುವುದಕ್ಕೆ ಹಳೆಯದೊಂದು ಹೋಗಬೇಕು. ಬಟ್ಟೆಯನ್ನೋ ಪಾತ್ರೆಯನ್ನೋ ಯಾರಿಗಾದರೂ ಕೊಟ್ಟರೆ ದಾನವಾದೀತು. ಚಾಕುವನ್ನು ಹಾಗೆ ಕೊಡಲಾಗದು. ಪಡೆದವನು ಕೋಳಿಯನ್ನು ಕೊಯ್ದರೆ ಕೊಟ್ಟವನು ಹಿಂಸಾದಾನದ ಭಾಗಿ. ಪರಸ್ಪರ ದಾಕ್ಷಿಣ್ಯ ವ್ಯವಹಾರವಿಲ್ಲದವರಿಗೆ ಅಡುಗೆಗೆಂದು ಬೆಂಕಿಯನ್ನು ಕೊಡುವುದಕ್ಕೂ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಒಪ್ಪಿಲ್ಲ. ಹಾಗಾಗಿ ಹಳೆಯ ಚಾಕುವನ್ನು ಆಚಾರವಂತರಾದ ಬಂಧುಗಳ ಅಡುಗೆಮನೆಗೆ ಕೊಡಬೇಕು; ಇಲ್ಲವೆ ಅಲಗನ್ನು ಮುರಿದು ಹಳೆಯ ಕಬ್ಬಿಣಕ್ಕೆ ಹಾಕಬೇಕು. ದಶಲಕ್ಷಣ ಪರ್ವದಲ್ಲಿಯೋ ಮದುವೆಯಲ್ಲಿಯೋ ಹುಡುಗರಿಗೆ ಚಾಕುವನ್ನು ಉಡುಗೊರೆ ಮಾಡುವುದಂತೂ ಸರ್ವಥಾ ಕೂಡದು. ಕೇಳಿದವರಿಗೆಲ್ಲ ಜೇಬಿನಿಂದ ತೆಗೆದು ಕೊಡುವ ಅಭ್ಯಾಸವೂ ಹಿಂಸಾದಾನಕ್ಕೆ ಹತ್ತಿರವಾದುದೇ. ಅದು ಮರಳಿ ಬಂದಾಗ ಯಾವುದನ್ನು ಮುಟ್ಟಿ ಬಂದಿದೆಯೆಂಬುದೂ ತಿಳಿಯದು.

೭. ತೀರ್ಮಾನ

ಈಗ ಬಗದಲ್ಲಿನ ಗೃಹಸ್ಥನ ಪ್ರಶ್ನೆಗೆ ಬರಬಹುದು. ತಾಯಿಯ ಯಾತ್ರೆಯಲ್ಲಿ ಚಾಕು ಎಲ್ಲಿರುತ್ತದೆ? ಶುದ್ಧವಾದ ಪಾತ್ರೆ, ನೀರು ಸೋಸುವ ವಸ್ತ್ರ, ಹಿಟ್ಟು ಇವುಗಳ ಚೀಲದಲ್ಲಿ, ಜೇಬಿನಲ್ಲಲ್ಲ. ಚೀಲದಲ್ಲಿ ಹೋಗುವ ಚಾಕು ಮಡಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲ. ಮಡಿಸುವಿಕೆಯ ಲಾಭ ಅಲ್ಲಿ ದೊರೆಯುವುದಿಲ್ಲ, ಸಂದಿನ ದೋಷ ಮಾತ್ರ ಉಳಿಯುತ್ತದೆ. ಮನೆಯಲ್ಲಿರುವ ಚಿಕ್ಕ ಅಡುಗೆ ಚಾಕುಗಳಲ್ಲಿ ಒಂದನ್ನು ಯಾತ್ರೆಗೆಂದೇ ಮೀಸಲಿಟ್ಟು, ಅಲಗಿಗೆ ಬಿದಿರಿನ ಒರೆಯನ್ನು ಮಾಡಿಸಿ, ಶುದ್ಧ ವಸ್ತ್ರದಲ್ಲಿ ಸುತ್ತಿಟ್ಟರೆ ತಾಯಿಯ ವ್ರತವೂ ನಡೆಯಿತು, ಮಗನ ಪರಿಮಾಣವೂ ಉಳಿಯಿತು. ಆದುದರಿಂದ ಈ ಮನೆಗೆ ಸ್ಪಾರ್ಟನ್ ಚಾಕು ಬೇಡ. ಅದು ಕೆಟ್ಟ ವಸ್ತುವೆಂದಲ್ಲ. ಈ ಪ್ರಯೋಜನಕ್ಕೆ ಅದು ಹೊಂದದು.

ಆದರೆ ಇದೇ ಮನೆಯ ಇನ್ನೊಬ್ಬನು ದಿನವೂ ಕಬ್ಬಿನ ಹೊಲಕ್ಕೆ ನಡೆದುಹೋಗಿ, ಹಗ್ಗ ಕತ್ತರಿಸುವುದಕ್ಕೂ ಮಧ್ಯಾಹ್ನ ಪೇರಲವನ್ನು ಹೆಚ್ಚಿ ನೋಡಿ ತಿನ್ನುವುದಕ್ಕೂ ಚಾಕುವನ್ನು ಬಯಸಿದರೆ ಉತ್ತರ ಬದಲಾಗುತ್ತದೆ. ಜೇಬಿನಲ್ಲಿ ತೆರೆದ ಅಲಗನ್ನಿಟ್ಟುಕೊಳ್ಳುವುದು ಅಪಾಯ. ಅಲ್ಲಿ ಮಡಿಸುವಿಕೆಗೆ ಅರ್ಥವಿದೆ. ಆತನಿಗೆ ಒಂದೇ ಅಲಗಿನ, ಅಗಲವಾದ ಸಂದಿನ, ಬೀಗವುಳ್ಳ, ಸ್ಟೇನ್‌ಲೆಸ್ ಉಕ್ಕಿನ, ಮರದ ಹಿಡಿಯ ಚಾಕು ಸಾಕು; ಒಪಿನೆಲ್ ಆದರೂ ಸರಿ, ನಮ್ಮ ದೇಶದಲ್ಲಿ ಅದೇ ಬಗೆಯಲ್ಲಿ ತಯಾರಾದುದಾದರೂ ಸರಿ. ಹಗ್ಗಕ್ಕೆ ಬಳಸಿದುದನ್ನು ತೊಳೆಯದೆ ಹಣ್ಣಿಗೆ ಬಳಸಬಾರದು.

ರಾಜ್ಯದ ನಿಯಮವನ್ನೂ ಮರೆಯಬಾರದು. ಗೃಹಕೃತ್ಯ, ಕೃಷಿ ಮೊದಲಾದುವುಗಳಿಗೆಂದು ಮಾಡಿದವುಗಳನ್ನು ಬಿಟ್ಟು, ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕುಗಳು ಆಯುಧ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಮೇಲೆ ಹೇಳಿದ ಚಾಕುಗಳು ಅದಕ್ಕಿಂತ ಬಹಳ ಚಿಕ್ಕವು. ಆದರೂ ವಿಮಾನದಲ್ಲಿ ಹೋಗುವವರು ಯಾವ ಚಾಕುವನ್ನೂ ಕೈಚೀಲದಲ್ಲಿ ಒಯ್ಯುವಂತಿಲ್ಲ. ಒಪ್ಪಿಸುವ ಸಾಮಾನಿನಲ್ಲಿಯೇ ಇಡಬೇಕು.

೮. ಬಳಸುವ ಕ್ರಮ

ಮಡಿಸುವ ಚಾಕುವನ್ನು ಕೊಂಡವರು ಈ ಕ್ರಮವನ್ನು ಪಾಲಿಸತಕ್ಕದ್ದು:

(೧) ಹೊಸ ಚಾಕುವಿಗೆ ಕಾರ್ಖಾನೆಯ ಎಣ್ಣೆ ಸವರಿರುತ್ತದೆ. ಅಲಗನ್ನು ಬಿಸಿನೀರಿನಿಂದ ತೊಳೆದು ಒರಸಿದ ಮೇಲೆಯೇ ಆಹಾರಕ್ಕೆ ಬಳಸಬೇಕು.

(೨) ತೆರೆದಾಗ ಮೊದಲು ಸಂದನ್ನು ಬೆಳಕಿಗೆ ಹಿಡಿದು ನೋಡಬೇಕು. ಇರುವೆಯಿದ್ದರೆ ಮೆಲ್ಲನೆ ತಟ್ಟಿ, ಅದು ಹೊರಟುಹೋಗುವ ತನಕ ಕಾಯಬೇಕು; ಊದಬಾರದು, ಕಡ್ಡಿಯಿಂದ ಕೆದಕಬಾರದು.

(೩) ಹೆಚ್ಚಿದ ಮೇಲೆ ಒಂದು ಮುಹೂರ್ತ, ಎಂದರೆ ನಲವತ್ತೆಂಟು ನಿಮಿಷ ಕಳೆಯುವುದರೊಳಗೆ ಸೋಸಿದ ನೀರಿನಿಂದ ಅಲಗನ್ನು ತೊಳೆದು, ಒಣಬಟ್ಟೆಯಿಂದ ಸಂದನ್ನೂ ಒರಸಬೇಕು. ತೊಳೆದ ನೀರನ್ನು ಇರುವೆಯ ಗೂಡಿನ ಬಳಿ ಚೆಲ್ಲಬಾರದು.

(೪) ಪೂರ್ತಿ ಒಣಗಿದ ಮೇಲೆ ಪುನಃ ನೋಡಿ, ನಿಧಾನವಾಗಿ ಮಡಿಸಬೇಕು. ರಾತ್ರಿಯಲ್ಲಿ ತೆರೆಯುವ ಪ್ರಸಂಗವೇ ಬಾರದಿರಲಿ.

(೫) ಕೀಲಿಗೆ ಅಡುಗೆಯ ಎಣ್ಣೆಯನ್ನು ಹಾಕಿದರೆ ಅದು ಕಾಲಕ್ರಮದಲ್ಲಿ ಜಿಗುಟಾಗಿ ಕೀಟಗಳನ್ನು ಹಿಡಿದಿಡುತ್ತದೆ. ಔಷಧಿಯ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಒಂದು ಹನಿ ಸಾಕು.

(೬) ಅಷ್ಟಮೀ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಕೈಗೊಂಡವರು ಆರಂಭವನ್ನೇ ಬಿಟ್ಟಿರುವುದರಿಂದ ಚಾಕುವನ್ನು ಹಿಂದಿನ ದಿನವೇ ಶುದ್ಧಿಮಾಡಿ ತೆಗೆದಿಡಬೇಕು. ನೋಡದೆ ಒರಸದೆ ವಸ್ತುಗಳನ್ನು ತೆಗೆದುಕೊಳ್ಳುವುದು ಆ ವ್ರತದ ಅತಿಚಾರಗಳಲ್ಲೊಂದು.

ಸ್ವಾಧ್ಯಾಯಕ್ಕಾಗಿ ಪ್ರಶ್ನೆಗಳು

ಮನೆಮಂದಿಯೆಲ್ಲ ಕುಳಿತು ಇವನ್ನು ವಿಚಾರಿಸಬಹುದು. ಹಿಂಸಾದಾನಕ್ಕೂ ಉದ್ಯೋಗೀ ಹಿಂಸೆಗೂ ಇರುವ ಭೇದವೇನು? ನಿಕ್ಷೇಪದ ನಾಲ್ಕು ಬಗೆಗಳನ್ನು ಅಡುಗೆಮನೆಯ ಯಾವ ಯಾವ ವಸ್ತುಗಳಲ್ಲಿ ಕಾಣಬಹುದು? ಮನೆಯಲ್ಲಿರುವ ಹರಿತವಾದ ಉಪಕರಣಗಳೆಷ್ಟು. ಕಳೆದ ಒಂದು ವರ್ಷದಲ್ಲಿ ಒಮ್ಮೆಯೂ ಬಳಸದೆ ಉಳಿದವೆಷ್ಟು? ಕೊನೆಯ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ. ಅಡುಗೆಮನೆಯ ಕಪಾಟನ್ನು ತೆರೆದು ಎಣಿಸಬೇಕು. ಎಣಿಸಿದ ಮೇಲೆ, ಬರುವ ಚತುರ್ದಶಿಯ ದಿನ ಜಿನಮಂದಿರದಲ್ಲಿ ನಿಂತು ಆ ಸಂಖ್ಯೆಗೆ ನಿಯಮ ಮಾಡಿಕೊಳ್ಳುವುದು ಉತ್ತಮ.